ಕೆತ್ತನೆಯ ಮಡಚುವ ಚಾಕು: ಯಾವ ಬಗೆಯದನ್ನು ಮಾಡಿಸಿಕೊಳ್ಳಬೇಕು?

ಕೆತ್ತನೆ ಇರುವ ಮಡಚುವ ಚಾಕು ಮಾಡಿಸಲು ಹೊರಟವರು ಸಾಮಾನ್ಯವಾಗಿ ಚಿತ್ರದಿಂದ ಶುರು ಮಾಡುತ್ತಾರೆ. ಹುಲಿ ಬೇಕಾ, ಹದ್ದು ಬೇಕಾ, ಬರೀ ಬಳ್ಳಿ ಸಾಕಾ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದು ಇದು: ಈ ಚಾಕು ದಿನವೆಲ್ಲ ಎಲ್ಲಿರುತ್ತದೆ? ಜೇಬಿನಲ್ಲೋ, ಪೆಟ್ಟಿಗೆಯಲ್ಲೋ? ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಂಡರೆ ಕೆತ್ತನೆಯ ಬಗೆ, ಲೋಹ, ಲಾಕ್ (ಬಿಚ್ಚಿದ ಅಲಗು ಮತ್ತೆ ಮಡಚಿಕೊಳ್ಳದಂತೆ ಹಿಡಿದಿಡುವ ಭಾಗ), ಹಿಡಿ ಎಲ್ಲದರಲ್ಲೂ ಅರ್ಧ ಆಯ್ಕೆ ತಾನಾಗಿಯೇ ಮುಗಿದುಹೋಗುತ್ತದೆ.

ಜೇಬಿನಲ್ಲಿ ಚಾಕು ಸುಮ್ನೆ ಕೂತಿರುವುದಿಲ್ಲ. ಬಟ್ಟೆ ಉಜ್ಜುತ್ತದೆ, ಕೀಲಿಕೈ ತಾಗುತ್ತದೆ, ಬೆವರು ಅಂಟುತ್ತದೆ. ಆಳವಾಗಿ ಕಡಿದ ಗೆರೆ ಇದನ್ನೆಲ್ಲ ವರ್ಷಗಟ್ಟಲೆ ತಡೆದುಕೊಳ್ಳುತ್ತದೆ. ಮೇಲುಮೇಲೆ ಚುಚ್ಚಿದ ಚುಕ್ಕಿ ತಡೆಯುವುದಿಲ್ಲ. ಮುಂದೆ ಹೇಳುವುದರಲ್ಲಿ ಹೆಚ್ಚಿನದು ಈ ಒಂದು ವಿಷಯದ ಸುತ್ತಲೇ ತಿರುಗುತ್ತದೆ.

ಕೈಕೆತ್ತನೆಯೋ, ಲೇಸರೋ, ಆಸಿಡ್ಡೋ

ಕೈಕೆತ್ತನೆಯಲ್ಲಿ ಬಳಸುವ ಉಪಕರಣಕ್ಕೆ ಗ್ರೇವರ್ ಅನ್ನುತ್ತಾರೆ. ಗಟ್ಟಿ ಉಕ್ಕಿನ ಅಥವಾ ಕಾರ್ಬೈಡಿನ ಸಣ್ಣ ಕಡ್ಡಿ, ತುದಿಯನ್ನು ಕೋನ ಹಿಡಿದು ಸಾಣೆ ಕೊಟ್ಟಿರುತ್ತಾರೆ. ಅದು ಲೋಹವನ್ನು ಗೀಚುವುದಿಲ್ಲ, ಸಿಪ್ಪೆ ಎಬ್ಬಿಸಿ ತೆಗೆಯುತ್ತದೆ. ತುದಿ ಮೂಲೆಯ ಆಕಾರದಲ್ಲಿ ಇರುವುದರಿಂದ ಕೈ ಸ್ವಲ್ಪ ಒತ್ತಿದರೆ ಗೆರೆ ಆಳವೂ ಆಗುತ್ತದೆ, ಅಗಲವೂ ಆಗುತ್ತದೆ. ಹಾಗಾಗಿ ಒಳ್ಳೆಯ ಕೈಕೆಲಸದಲ್ಲಿ ಗೆರೆ ಕೂದಲೆಳೆಯಂತೆ ಶುರುವಾಗಿ, ತಿರುವಿನಲ್ಲಿ ದಪ್ಪವಾಗಿ, ಮತ್ತೆ ಸೂಜಿಮೊನೆಯಾಗಿ ಮುಗಿಯುತ್ತದೆ. ಗೆರೆಯ ಎರಡೂ ಗೋಡೆಗಳು ಕನ್ನಡಿಯಷ್ಟು ನುಣುಪು. ಚಾಕುವನ್ನು ತಿರುಗಿಸಿದಾಗ ಒಂದು ಗೋಡೆ ಹೊಳೆದು ಇನ್ನೊಂದು ಕಪ್ಪಾಗುತ್ತದೆ. ಕೈಕೆತ್ತನೆಯ ಆ ಮಿಂಚು ಬರುವುದು ಇದರಿಂದಲೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಈಗಿನ ಬಹಳಷ್ಟು ಕೆತ್ತನೆಗಾರರು ಗಾಳಿಯ ಒತ್ತಡದಿಂದ ನಡೆಯುವ ಹ್ಯಾಂಡ್‌ಪೀಸ್, ಅಂದರೆ ಗ್ರೇವರ್ ಸಿಕ್ಕಿಸಿ ಕೈಯಲ್ಲಿ ಹಿಡಿಯುವ ಉಪಕರಣ, ಬಳಸುತ್ತಾರೆ. ಅಮೆರಿಕದ ಜಿಆರ್‌ಎಸ್ ಮತ್ತು ಲಿಂಡ್ಸೆ ಕಂಪನಿಗಳ ಉಪಕರಣಗಳು ಈ ಕಸುಬಿನವರಿಗೆಲ್ಲ ಗೊತ್ತು. ‘ಹಾಗಾದರೆ ಅದು ಮೆಷಿನ್ ಕೆತ್ತನೆ’ ಅಂತ ಮೂಗು ಮುರಿಯುವವರಿದ್ದಾರೆ. ಅಲ್ಲ. ಗಾಳಿ ಮಾಡುವುದು ಸುತ್ತಿಗೆಯ ಕೆಲಸ ಮಾತ್ರ. ಗೆರೆ ಎಲ್ಲಿ ತಿರುಗಬೇಕು, ಎಷ್ಟು ಇಳಿಯಬೇಕು ಅನ್ನುವುದು ಕೈಯದ್ದೇ. ಸುತ್ತಿಗೆ-ಉಳಿಯಲ್ಲಿ ಮಾಡಿದ್ದಕ್ಕೂ ಇದಕ್ಕೂ ಬೆಲೆಯಲ್ಲಿ ವ್ಯತ್ಯಾಸ ಹುಡುಕಬೇಡಿ, ಕೆಲಸದಲ್ಲಿ ಹುಡುಕಿ.

ಲೇಸರ್ ಲೋಹವನ್ನು ಸುಟ್ಟು ಆವಿ ಮಾಡುತ್ತದೆ. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಹಿಡಿದು ನೋಡಿ. ಗೆರೆಯ ತಳ ಚಪ್ಪಟೆ, ಬೂದು ಬಣ್ಣ, ಮರಳು ಚೆಲ್ಲಿದ ಹಾಗೆ ಒರಟು. ಕೆಲವೊಮ್ಮೆ ಲೇಸರ್ ಓಡಾಡಿದ ಸಮಾನಾಂತರ ಗೆರೆಗಳೂ ತಳದಲ್ಲಿ ಕಾಣುತ್ತವೆ. ಎಡಗಡೆಯ ಎಲೆಯೂ ಬಲಗಡೆಯ ಎಲೆಯೂ ಕನ್ನಡಿ ಹಿಡಿದಷ್ಟು ಒಂದೇ. ಆಸಿಡ್‌ನಲ್ಲಿ ತಿನ್ನಿಸಿದ್ದಾದರೆ ಎಲ್ಲ ಗೆರೆಯ ಆಳವೂ ಒಂದೇ, ಅಂಚು ಸ್ವಲ್ಪ ಕೊರೆದಂತೆ ಒಡೆದಿರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದದ್ದರಲ್ಲಿ ಮೂಲೆಗಳೇ ಮೊಂಡು, ಅಲ್ಲಲ್ಲಿ ಸಣ್ಣ ಗುಳಿ.

ಇದರರ್ಥ ಲೇಸರ್ ಕೆಟ್ಟದ್ದು ಅಂತಲ್ಲ. ಹೆಸರು, ತಾರೀಖು, ಒಂದು ಚಿಹ್ನೆ ಹಾಕಿಸಿ ದಿನಾ ಬಳಸುವ ಚಾಕುವಿಗೆ ಅದು ಸಾಕು, ಖರ್ಚೂ ಕಡಿಮೆ. ತಕರಾರು ಇರುವುದು ಲೇಸರ್ ಹೊಡೆದು ಅದನ್ನು ಕೈಕೆತ್ತನೆ ಅಂತ ಮಾರುವಲ್ಲಿ. ಇನ್ನೊಂದು ನಡುವಿನ ದಾರಿಯೂ ಇದೆ: ಲೇಸರ್‌ನಲ್ಲಿ ತೆಳ್ಳಗೆ ನಕ್ಷೆ ಹಾಕಿಕೊಂಡು ಅದರ ಮೇಲೆ ಕೈಯಲ್ಲಿ ಕಡಿಯುವುದು. ಹೇಳಿ ಮಾಡಿದರೆ ಅದರಲ್ಲಿ ತಪ್ಪೇನಿಲ್ಲ.

ಬಳ್ಳಿಯೋ, ಉಬ್ಬೋ, ಬುಲೀನೋವೋ

ಹಣ ಮತ್ತು ತಲೆ ಎರಡನ್ನೂ ಜಾಸ್ತಿ ಖರ್ಚು ಮಾಡಬೇಕಾದ ಜಾಗ ಇದು.

ಬಳ್ಳಿ ಕೆತ್ತನೆ ತುಂಬಾ ಹಳೆಯದು, ಎಲ್ಲಕ್ಕಿಂತ ಗಟ್ಟಿ. ಇಂಗ್ಲಿಷ್ ಬಂದೂಕುಗಳ ಮೇಲೆ ಬರುತ್ತಿದ್ದ ಬಳ್ಳಿ ತೀರಾ ಸಣ್ಣದು. ಒತ್ತೊತ್ತಾಗಿ ಸುರುಳಿಗಳು, ನಡುನಡುವೆ ಗುಲಾಬಿ ಗೊಂಚಲು. ಅಮೆರಿಕದ ಬಳ್ಳಿ ದೊಡ್ಡದು, ಎಲೆ ಅಗಲ, ಹಿನ್ನೆಲೆಯನ್ನು ತೋಡಿ ಚುಕ್ಕಿ ಹೊಡೆದು ಕಪ್ಪು ಮಾಡಿರುತ್ತಾರೆ. ಮಡಚುವ ಚಾಕುವಿನ ಬೋಲ್ಸ್ಟರ್, ಅಂದರೆ ಹಿಡಿಯ ತುದಿಯ ಲೋಹದ ತುಂಡು, ಹೆಬ್ಬೆರಳಿನ ತುದಿಯಷ್ಟು ಜಾಗ. ಅಷ್ಟರಲ್ಲಿ ಸಣ್ಣ ಬಳ್ಳಿ ಹತ್ತು ಸುತ್ತು ಸುತ್ತಿದರೂ ನೋಡಲು ಹಿತ. ದೊಡ್ಡ ಬಳ್ಳಿಯಾದರೆ ಎರಡು ಸುರುಳಿಯಲ್ಲೇ ಮುಗಿಯಬೇಕು, ಆದ್ದರಿಂದ ಆ ಎರಡು ಸುರುಳಿ ಎಡವಟ್ಟಾಗುವಂತಿಲ್ಲ.

ಬಳ್ಳಿ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯಲು ಎಲೆಗಳನ್ನು ಮರೆತುಬಿಡಿ. ಒಳಗೆ ಓಡುವ ಬೆನ್ನೆಲುಬಿನ ಗೆರೆಯೊಂದನ್ನೇ ಕಣ್ಣಲ್ಲಿ ಹಿಡಿದು ಹೋಗಿ. ಎಲ್ಲಾದರೂ ಮೊಣಕೈ ಮಡಚಿದಂತೆ ಮುರಿದಿದೆಯೇ? ಎಲ್ಲಾದರೂ ಚಪ್ಪಟೆಯಾಗಿದೆಯೇ? ಇದ್ದರೆ ಎಲೆ ಎಷ್ಟೇ ನಾಜೂಕಾಗಿರಲಿ, ಕೈ ಇನ್ನೂ ಪಳಗಿಲ್ಲ. ಆಮೇಲೆ ಹಿನ್ನೆಲೆಯನ್ನು ನೋಡಿ. ಕಪ್ಪು ಎಲ್ಲ ಕಡೆ ಒಂದೇ ಸಮ ಇರಬೇಕು. ಕೊನೆಗೆ ಮೂಲೆಗಳು. ಜಾಗ ಸಾಲದೆ ತುರುಕಿದ ಎಲೆ, ಜಾಗ ಉಳಿದು ತುಂಬಿಸಿದ ಚುಕ್ಕಿ ಮೂಲೆಯಲ್ಲಿ ಸಿಕ್ಕಿಬೀಳುತ್ತವೆ.

ಉಬ್ಬು ಕೆತ್ತನೆಯಲ್ಲಿ ಹಿನ್ನೆಲೆಯನ್ನು ತಗ್ಗಿಸಿ ಚಿತ್ರವನ್ನು ಶಿಲ್ಪದಂತೆ ಎಬ್ಬಿಸುತ್ತಾರೆ. ಆಸ್ಟ್ರಿಯಾದ ಫೆರ್ಲಾಖ್, ಜರ್ಮನಿಯ ಸೂಲ್‌ನಂಥ ಬಂದೂಕಿನ ಊರುಗಳಲ್ಲಿ ಓಕ್ ಎಲೆ, ಜಿಂಕೆ, ಕಾಡುಹಂದಿಗಳನ್ನು ಹೀಗೆ ಎಬ್ಬಿಸುವುದು ವಾಡಿಕೆ. ಬಂದೂಕಿನಲ್ಲಿ ಲೋಹ ದಪ್ಪ ಇರುತ್ತದೆ, ತೋಡಲು ಜಾಗವಿದೆ. ಮಡಚುವ ಚಾಕುವಿನಲ್ಲಿ ಇರುವುದೇ ಕೆಲವು ಮಿಲಿಮೀಟರ್. ಆಳ ಬೇಕು ಅಂದರೆ ಬೋಲ್ಸ್ಟರನ್ನು ಮೊದಲೇ ದಪ್ಪ ಇಡಬೇಕು, ಚಾಕು ದಪ್ಪವಾಗುತ್ತದೆ, ಜೇಬಿಗೆ ಭಾರ. ಸವೆಯುವುದೂ ಚಿತ್ರದ ಎತ್ತರದ ಜಾಗದಿಂದಲೇ. ಮೊದಲು ಜಿಂಕೆಯ ಮೂಗು, ಆಮೇಲೆ ಹುಬ್ಬು. ತೋಡಿದ ಜಾಗದಲ್ಲಿ ಬಟ್ಟೆಯ ನೂಲು, ಕೊಳೆ ಸೇರುತ್ತದೆ. ಪೆಟ್ಟಿಗೆಯಲ್ಲಿಡುವ ಚಾಕುವಿಗೆ ಉಬ್ಬು ಭವ್ಯ. ಜೇಬಿನದ್ದಕ್ಕೆ ನಾನು ಹೇಳುವುದಿಲ್ಲ.

ಈಗ ಬುಲೀನೋ. ಎಲ್ಲರೂ ಮರುಳಾಗುವುದು ಇದಕ್ಕೇ. ಇಟಲಿಯ ಬ್ರೆಶಾ ಬಳಿಯ ಗಾರ್ದೋನೆ ವಾಲ್ ತ್ರೋಂಪಿಯಾ ಬಂದೂಕಿನ ಊರು. 1526ರಿಂದ ತನ್ನ ಇತಿಹಾಸ ಲೆಕ್ಕ ಹಾಕುವ ಬೆರೆಟ್ಟಾ ಬಂದೂಕು ಕಂಪನಿ ಅಲ್ಲಿಯದೇ. ಅಲ್ಲಿಯ ಕೆತ್ತನೆಗಾರರು, ಅದರಲ್ಲೂ ಫಿರ್ಮೋ ಫ್ರಕಾಸ್ಸಿಯಂಥವರು, ಈ ಬಗೆಯನ್ನು ಎಷ್ಟು ಎತ್ತರಕ್ಕೆ ಒಯ್ದರು ಅಂದರೆ ಉಕ್ಕಿನ ಮೇಲಿನ ಚಿತ್ರವನ್ನು ಫೋಟೋ ಅಂದುಕೊಳ್ಳಬೇಕು. ಇದರಲ್ಲಿ ಸುತ್ತಿಗೆಯೂ ಇಲ್ಲ, ಗಾಳಿಯೂ ಇಲ್ಲ. ಗ್ರೇವರ್‌ನ ಹಿಡಿಯನ್ನು ಅಂಗೈಯಲ್ಲಿಟ್ಟು ನೂಕಿ ಸಾವಿರಾರು ಚುಕ್ಕಿ, ಪುಟ್ಟ ಗೀರು ಹಾಕುತ್ತಾರೆ. ಚುಕ್ಕಿ ಒತ್ತಾದಲ್ಲಿ ನೆರಳು, ವಿರಳವಾದಲ್ಲಿ ಬೆಳಕು.

ಒಳ್ಳೆಯ ಬುಲೀನೋ ಚಿರತೆಯ ಮುಖವನ್ನು ಲೂಪ್‌ನಲ್ಲಿ ನೋಡಿದರೆ ಚಿರತೆ ಮಾಯವಾಗುತ್ತದೆ, ಬರೀ ಚುಕ್ಕಿ ಉಳಿಯುತ್ತದೆ. ಕೂದಲು ಬೆಳೆದ ದಿಕ್ಕಿಗೆ ಗೀರುಗಳು ವಾಲಿರುತ್ತವೆ. ಕೆನ್ನೆಯಲ್ಲಿ ಒಂದು ಕಡೆಗೆ, ಹಣೆಯಲ್ಲಿ ಇನ್ನೊಂದು ಕಡೆಗೆ. ಕಣ್ಣಿನ ಹೊಳಪಿನ ಜಾಗದಲ್ಲಿ ಉಕ್ಕನ್ನು ಮುಟ್ಟಿಯೇ ಇರುವುದಿಲ್ಲ. ಲೂಪ್ ತೆಗೆದರೆ ಮುಖ ಮತ್ತೆ ಬರುತ್ತದೆ. ಆದರೆ ಬೆಳಕು ಬೇರೆ ಕಡೆಯಿಂದ ಬಿದ್ದರೆ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಫೋಟೋದ ನೆಗೆಟಿವ್‌ನಂತೆ ಕಾಣುವುದೂ ಉಂಟು. ಹಾಗಾಗಿ ಒಂದೇ ಫೋಟೋ ನೋಡಿ ಬುಲೀನೋ ಕೊಳ್ಳಬೇಡಿ. ಚಾಕುವನ್ನು ಓಲಾಡಿಸುತ್ತಾ ತೆಗೆದ ವಿಡಿಯೋ ಕೇಳಿ.

ಇದರ ಕಷ್ಟ ಆಳವಿಲ್ಲದಿರುವುದು. ಜೇಬಿನಲ್ಲಿ ಬಟ್ಟೆಯ ಉಜ್ಜಾಟಕ್ಕೇ ನೆರಳು ತೆಳುವಾಗುತ್ತಾ ಹೋಗುತ್ತದೆ. ಮೆಟಲ್ ಪಾಲಿಶ್ ಹಚ್ಚಿ ಒಮ್ಮೆ ಉಜ್ಜಿದರಂತೂ ಮುಗಿಯಿತು. ಬುಲೀನೋ ಮಾಡಿಸಿ ಅದನ್ನು ದಿನಾ ಜೇಬಿಗೆ ಹಾಕುವುದು ನನಗೆ ಅರ್ಥವಾಗದ ಧೈರ್ಯ.

ಇನ್ನು ಚಿನ್ನ. ‘ಚಿನ್ನ ಹಾಕಿದ್ದೇವೆ’ ಅಂದರೆ ಮೂರು ಬೇರೆ ಬೇರೆ ಕೆಲಸ ಇರಬಹುದು. ನಿಜವಾದ ಇನ್‌ಲೇ ಆದರೆ ಉಕ್ಕಿನಲ್ಲಿ ಕಾಲುವೆ ತೋಡಿ, ಅದರ ಗೋಡೆಗಳನ್ನು ಒಳಮುಖವಾಗಿ ಕೊರೆದು, 24 ಕ್ಯಾರೆಟ್ ಮೆತ್ತನೆ ಚಿನ್ನದ ತಂತಿಯನ್ನು ಬಡಿದು ಕೂರಿಸುತ್ತಾರೆ. ಚಿನ್ನ ಹರಡಿ ಆ ಕೊರಕಲಿಗೆ ಸಿಕ್ಕಿಕೊಳ್ಳುತ್ತದೆ. ಅಂಟು ಬೇಡ, ಬೆಸುಗೆ ಬೇಡ. ಎರಡನೆಯದು ಓವರ್‌ಲೇ. ಉಕ್ಕಿನ ಮೇಲೆ ಅಡ್ಡ-ಉದ್ದ ಗೀರು ಹಾಕಿ ಹಲ್ಲು ಎಬ್ಬಿಸಿ ತೆಳು ಹಾಳೆಯನ್ನು ಒತ್ತಿ ಹಿಡಿಸುವುದು. ಸ್ಪೇನಿನ ಟೊಲೇಡೊ ಇದಕ್ಕೇ ಹೆಸರುವಾಸಿ. ಚೆಂದವೇ, ಆದರೆ ಬೆರಳು ತಾಗುವ ಅಂಚಿನಲ್ಲಿ ಬೇಗ ಸವೆಯುತ್ತದೆ. ಮೂರನೆಯದು ಗಿಲೀಟು. ಅದು ಬಣ್ಣ ಬಳಿದ ಹಾಗೆ, ಅಷ್ಟೇ. ಯಾವುದು ಅಂತ ಬರೆದು ಕೊಡಲು ಕೇಳಿ.

ನನ್ನ ಆಯ್ಕೆ ಕೇಳಿದರೆ, ಬಳಸುವ ಚಾಕುವಿಗೆ ಹಿನ್ನೆಲೆ ತೋಡಿದ ಬಳ್ಳಿ, ಬೇಕಾದರೆ ಒಂದೆಳೆ ಚಿನ್ನದ ಗೆರೆ. ಪೆಟ್ಟಿಗೆಯದ್ದಕ್ಕೆ ಬುಲೀನೋ, ಅದೂ ಆ ಕೆತ್ತನೆಗಾರ ಮಾಡಿದ ಪ್ರಾಣಿಗಳ ಕಣ್ಣಲ್ಲಿ ಜೀವ ಇದ್ದರೆ ಮಾತ್ರ. ಸತ್ತ ಕಣ್ಣಿನ ಹುಲಿಗಿಂತ ಸಾದಾ ಬಳ್ಳಿ ಎಷ್ಟೋ ವಾಸಿ.

ಯಾವ ಲೋಹದ ಮೇಲೆ

ಕೆತ್ತನೆಗಾರರಿಗೆ ಇಷ್ಟವಾಗುವ ಲೋಹಕ್ಕೂ ಚಾಕು ಮಾರುವವರು ಹೊಗಳುವ ಲೋಹಕ್ಕೂ ಆಗಾಗ ತಾಳ ಕೂಡುವುದಿಲ್ಲ. ಬೋಲ್ಸ್ಟರಿಗೆ 416 ಎಂಬ ದರ್ಜೆಯ ಸ್ಟೇನ್‌ಲೆಸ್ ಉಕ್ಕು ಸಾಮಾನ್ಯ ಆಯ್ಕೆ. ಹದ ಕೊಡದೆ ಮೆತ್ತಗಿಟ್ಟರೆ ಚೊಕ್ಕವಾಗಿ ಕಡಿಯುತ್ತದೆ, ತುಕ್ಕೂ ಬೇಗ ಹಿಡಿಯುವುದಿಲ್ಲ. 304 ಕೂಡ ಸ್ಟೇನ್‌ಲೆಸ್ಸೇ. ಆದರೆ ಗ್ರೇವರ್ ತಾಗಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ, ತುದಿ ಮುರಿಯುತ್ತದೆ. ನಿಕಲ್ ಸಿಲ್ವರ್‌ನಲ್ಲಿ ಬೆಳ್ಳಿ ಇರುವುದಿಲ್ಲ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ. ಸಲೀಸಾಗಿ ಕಡಿಯುತ್ತದೆ, ಸಲೀಸಾಗಿ ಗೀರೂ ಬೀಳುತ್ತದೆ.

ಟೈಟಾನಿಯಂ ಹಗುರ, ತುಕ್ಕಿಲ್ಲ, ಬಣ್ಣವೂ ಬರುತ್ತದೆ. ಬಣ್ಣ ಅಂದರೆ ಪೇಂಟ್ ಅಲ್ಲ. ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿದಾಗ ಮೇಲೆ ಆಕ್ಸೈಡಿನ ಪದರ ಕೂರುತ್ತದೆ. ಪದರದ ದಪ್ಪದ ಮೇಲೆ ಬೆಳಕು ಬೇರೆ ಬೇರೆ ಬಣ್ಣ ತೋರಿಸುತ್ತದೆ. ಸುಮಾರು 30 ವೋಲ್ಟ್‌ಗೆ ನೀಲಿ, 60ರ ಆಸುಪಾಸು ಹಳದಿ, 100ರ ಹತ್ತಿರ ಹಸಿರು. ಬಣ್ಣ ಹಾಕಿ ಆಮೇಲೆ ಕಡಿದರೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಆದರೆ ಟೈಟಾನಿಯಂ ಗ್ರೇವರ್‌ಗೆ ಅಂಟಂಟು, ನಾಜೂಕು ಬಳ್ಳಿ ಅದರಲ್ಲಿ ಏಳುವುದು ಕಷ್ಟ. ದೊಡ್ಡ, ಬಿಡುಬೀಸಾದ ವಿನ್ಯಾಸ ಇಟ್ಟುಕೊಂಡರೆ ಒಳ್ಳೆಯದು. ಜೇಬಿನಲ್ಲಿ ಆ ಬಣ್ಣವೂ ಸವೆಯುತ್ತದೆ ಅನ್ನುವುದು ನೆನಪಿರಲಿ.

ಅಷ್ಟಾಗಿ ಮಾತಿಗೆ ಬಾರದ ಒಂದು ಲೋಹ ಜಿರ್ಕೋನಿಯಂ. ಕಾಯಿಸಿದರೆ ಮೇಲ್ಮೈ ಕಡುಕಪ್ಪಾಗುತ್ತದೆ, ಆ ಕಪ್ಪು ಗಟ್ಟಿಯಾಗಿಯೂ ಇರುತ್ತದೆ. ಅದರ ಮೇಲೆ ಕಡಿದ ಗೆರೆ ಬೆಳ್ಳಿಯಂತೆ ಹೊಳೆಯುತ್ತದೆ. ಕಪ್ಪು-ಬಿಳುಪಿನ ಎದುರುಬದುರು ಇಷ್ಟಪಡುವವರು ಒಮ್ಮೆ ನೋಡಲೇಬೇಕು.

ಡಮಾಸ್ಕಸ್ ಉಕ್ಕಿನ ಮೇಲೆ ಕೆತ್ತನೆ ಮಾಡಿಸಬೇಡಿ. ಎರಡು ಬಗೆಯ ಉಕ್ಕಿನ ಪದರಗಳು ಆಸಿಡ್‌ನಲ್ಲಿ ಒಂದು ಕಪ್ಪು, ಒಂದು ಬಿಳುಪು ಆಗಿ ಅಲೆ ಎದ್ದಿರುತ್ತದೆ. ಅದರ ಮೇಲೆ ಬಳ್ಳಿ ಓಡಿಸಿದರೆ ಎರಡೂ ಒಂದನ್ನೊಂದು ನುಂಗುತ್ತವೆ. ಡಮಾಸ್ಕಸ್ ಅಲಗು, ಸಾದಾ ಉಕ್ಕಿನ ಬೋಲ್ಸ್ಟರ್ ಮೇಲೆ ಕೆತ್ತನೆ: ಈ ಜೋಡಿ ಯಾವತ್ತೂ ಕೈಕೊಡುವುದಿಲ್ಲ.

ಅಲಗಿನ ಮೇಲೆಯೇ ಕೆತ್ತನೆ ಬೇಕು ಅನ್ನುವವರಿಗೆ ಒಂದು ಮಾತು. ಹದ ಕೊಟ್ಟ ಅಲಗಿನ ಗಡಸುತನ ಸಾಮಾನ್ಯವಾಗಿ 58ರಿಂದ 62 ಎಚ್‌ಆರ್‌ಸಿ (ಗಡಸುತನ ಅಳೆಯುವ ರಾಕ್‌ವೆಲ್ ಮಾಪನ). ಅದನ್ನು ಕಡಿಯುವುದು ಹೆಣಗಾಟ. ಹದಕ್ಕೆ ಮುಂಚೆ ಕೆತ್ತಿದರೆ ಬೆಂಕಿಯಿಂದ ಬಂದ ಮೇಲೆ ಮತ್ತೆ ನುಣುಪು ಮಾಡುವಾಗ ಗೆರೆ ತೆಳುವಾಗುತ್ತದೆ. ಬಳಸಿದಾಗ ಗೆರೆಯಲ್ಲಿ ರಸ, ನೀರು ನಿಂತು ತುಕ್ಕು ಶುರುವಾಗುತ್ತದೆ. ಕೊಯ್ಯುವ ಚಾಕುವಿಗೆ ಅಲಗು ಬರಿದಾಗಿರುವುದೇ ಸರಿ.

ಲಾಕ್ ಯಾವುದು ಅನ್ನುವುದೂ ಕೆತ್ತನೆಯ ವಿಷಯವೇ

ಲಾಕ್‌ನ ಬಗೆಯ ಮೇಲೆ ಕೆತ್ತನೆಗೆ ಎಷ್ಟು ಜಾಗ ಸಿಗುತ್ತದೆ ಅನ್ನುವುದು ನಿಂತಿದೆ. ಫ್ರೇಮ್ ಲಾಕ್‌ನಲ್ಲಿ ಹಿಡಿಯ ಒಂದು ಬದಿಯನ್ನೇ ಸೀಳಿ ಲಾಕ್ ಮಾಡಿರುತ್ತಾರೆ. ಚಾಕು ತಯಾರಕ ಕ್ರಿಸ್ ರೀವ್ ಅವರ ಸೆಬೆಂಜಾ ಎಂಬ ಚಾಕುವಿನಿಂದ ಎಲ್ಲರಿಗೂ ಪರಿಚಯವಾದ ರಚನೆ. ಕೆಲಸಕ್ಕೆ ಗಟ್ಟಿ. ಆದರೆ ಆ ಬದಿಯ ಚಿತ್ರದ ನಡುವೆ ಒಂದು ಸೀಳು ಹಾದುಹೋಗುತ್ತದೆ, ಮೇಲೆ ಜೇಬಿನ ಕ್ಲಿಪ್ ಬೇರೆ. ಲೈನರ್ ಲಾಕ್‌ನ ಈಗಿನ ರೂಪ 1980ರ ದಶಕದ ಆರಂಭದಲ್ಲಿ ಚಾಕು ತಯಾರಕ ಮೈಕಲ್ ವಾಕರ್ ಕೈಯಲ್ಲಿ ಬಂದದ್ದು. ಅದರಲ್ಲಿ ಲಾಕ್ ಒಳಗಿನ ತಗಡಿನಲ್ಲಿ ಅಡಗಿರುತ್ತದೆ, ಹೊರಗಿನ ಎರಡೂ ಬೋಲ್ಸ್ಟರ್ ಇಡಿಯಾಗಿ ಕೆತ್ತನೆಗೆ ಸಿಗುತ್ತವೆ. ಬೆನ್ನಿನ ಲಾಕ್ ಇರುವ ಚಾಕುವಿನಲ್ಲಿ ಬದಿಗಳ ಜೊತೆಗೆ ಬೆನ್ನೂ ಸಿಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಇಂಟರ್‌ಫ್ರೇಮ್. ಚಾಕು ತಯಾರಕ ರಾನ್ ಲೇಕ್ ಈ ರಚನೆಗೆ ಹೆಸರಾದವರು. ಹಿಡಿಯ ಇಡೀ ಬದಿ ಒಂದೇ ಉಕ್ಕು. ನಡುವೆ ಕಿಟಕಿಯಂತೆ ತೋಡಿ ಮುತ್ತಿನ ಚಿಪ್ಪನ್ನೋ ಕೊಂಬನ್ನೋ ಕೂದಲೂ ನುಸುಳದಂತೆ ಕೂರಿಸಿರುತ್ತಾರೆ. ಸುತ್ತಲಿನ ಉಕ್ಕಿನ ಚೌಕಟ್ಟಿನಲ್ಲಿ ಬಳ್ಳಿ ಒಂದು ಕಡೆ ಶುರುವಾಗಿ ಎಲ್ಲೂ ಮುರಿಯದೆ ಸುತ್ತು ಹೊಡೆದು ಬರುತ್ತದೆ. ಮಾಡುವುದು ಕಷ್ಟ, ಬೆಲೆಯೂ ಹಾಗೆಯೇ.

ಲಾಕ್ ಇಲ್ಲದ ಸ್ಲಿಪ್‌ಜಾಯಿಂಟ್ ಹಳೆಯ ರೂಪ. ಕಾನೂನಿನ ದೃಷ್ಟಿಯಿಂದ ಕೆಲವು ದೇಶಗಳಲ್ಲಿ ಅದೇ ಸುರಕ್ಷಿತ ಆಯ್ಕೆ. ಉದಾಹರಣೆಗೆ ಬ್ರಿಟನ್ನಿನಲ್ಲಿ ಕಾರಣ ಹೇಳದೆ ಹೊರಗೆ ಒಯ್ಯಬಹುದಾದ್ದು 3 ಇಂಚಿಗೆ ಮೀರದ ಅಲಗಿನ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ಆರ್ಡರ್ ಕೊಡುವ ಮುನ್ನ ನೀವಿರುವಲ್ಲಿಯ ನಿಯಮ ನೋಡಿಕೊಳ್ಳಿ.

ಚಾಕು ಬಿಚ್ಚಲು ಬರುತ್ತದೆಯೇ ಅಂತಲೂ ಕೇಳಿ. ಸ್ಕ್ರೂ ಹಾಕಿದ್ದಾದರೆ ಈಗ ಸಾದಾ ಕೊಂಡು, ಮುಂದೆ ಹಣ ಕೂಡಿದಾಗ ಬೋಲ್ಸ್ಟರ್ ಬಿಚ್ಚಿ ಕೆತ್ತನೆಗಾರರಿಗೆ ಕಳಿಸಬಹುದು. ಪಿನ್ ಬಡಿದು ನುಣುಪು ಮಾಡಿದ್ದಾದರೆ ನೋಡಲು ಚೆಂದ, ಬಿಚ್ಚುವುದು ರಂಪ.

ಹಣ ಬಿಗಿಯಾಗಿದ್ದರೆ ಎರಡೂ ಬದಿ ತುಂಬಿಸುವ ಆಸೆ ಬಿಡಿ. ಮುಂದಿನ ಬೋಲ್ಸ್ಟರ್ ಮಾತ್ರ ಒಳ್ಳೆಯ ಕೈಯಲ್ಲಿ ಕೆತ್ತಿಸಿ, ಬೆನ್ನಿಗೆ ಫೈಲ್‌ವರ್ಕ್ ಮಾಡಿಸಿ. ಅಂದರೆ ಸಣ್ಣ ಅರಗಳಿಂದ ಉಜ್ಜಿ ಬಳ್ಳಿಯನ್ನೋ ಹಗ್ಗದ ಹೆಣಿಗೆಯನ್ನೋ ಎಬ್ಬಿಸುವುದು. ಇದನ್ನು ಚಾಕು ಮಾಡುವವರೇ ಮಾಡುತ್ತಾರೆ. ಸಾಧಾರಣ ಕೈಯಲ್ಲಿ ಮೈತುಂಬ ಕೆತ್ತಿಸಿದ್ದಕ್ಕಿಂತ ಇದು ನೂರು ಪಾಲು ಮೇಲು.

ಹಿಡಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬಿಳಿ ಮುತ್ತಿನ ಚಿಪ್ಪು ತಾನೇ ಮಿಂಚುತ್ತದೆ, ಪಕ್ಕದ ಕೆತ್ತನೆ ಆಳವಾಗಿರದಿದ್ದರೆ ಮಂಕಾಗುತ್ತದೆ, ಬಿದ್ದರೆ ಒಡೆಯುತ್ತದೆ. ಕರಿಚಿಪ್ಪು ಬೂದು-ಹಸಿರು ಛಾಯೆಯದು, ಉಕ್ಕಿನ ಜೊತೆ ಚೆನ್ನಾಗಿ ಹೊಂದುತ್ತದೆ. ಎಂದೋ ಅಳಿದುಹೋದ ಮ್ಯಾಮತ್ ಪ್ರಾಣಿಯ ದಂತ ಒಣಹವೆಗೆ ಬಿರುಕು ಬಿಡುತ್ತದೆ. ಆನೆ ದಂತ ಅಲ್ಲದಿದ್ದರೂ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಂಥ ಕಡೆ ಅದರ ಮಾರಾಟಕ್ಕೂ ತಡೆ ಇದೆ. ಬಳಸುವ ಚಾಕುವಿಗೆ ಗಟ್ಟಿ ಮರವೋ ಮೈಕಾರ್ಟಾವೋ (ಬಟ್ಟೆಯ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಗಟ್ಟಿ ಹಲಗೆ) ಸಾಕು.

ಆರ್ಡರ್ ಕೊಡುವಾಗ

ಒಬ್ಬರೇ ಚಾಕು ಮಾಡಿ ಕೆತ್ತನೆಯನ್ನೂ ಮಾಡುವುದು ಅಪರೂಪ. ಹೆಚ್ಚಾಗಿ ಇಬ್ಬರು ಇರುತ್ತಾರೆ. ಒಬ್ಬರೇ ಮಾಡಿದ್ದಕ್ಕೆ ಸಂಗ್ರಹಕಾರರು ಜಾಸ್ತಿ ಬೆಲೆ ಕಟ್ಟುತ್ತಾರೆ ನಿಜ. ಆದರೆ ಒಳ್ಳೆಯ ಚಾಕು, ಸುಮಾರಾದ ಕೆತ್ತನೆಗಿಂತ ಎರಡು ಪಳಗಿದ ಕೈ ಸೇರಿದ್ದು ನನಗೆ ಇಷ್ಟ. ಇಬ್ಬರಾದಾಗ ಮೊದಲೇ ಮಾತಾಡಿಸಬೇಕಾದ ವಿಷಯಗಳಿವೆ: ಬೋಲ್ಸ್ಟರ್ ದಪ್ಪ ಎಷ್ಟು, ಲೋಹದ ನಿಖರ ಹೆಸರೇನು, ಕೆತ್ತನೆಯ ನಂತರ ಯಾರು ಜೋಡಿಸುತ್ತಾರೆ, ಕೆತ್ತಿದ ಮೇಲೆ ಯಾರೂ ಬಫ್ ಮಾಡುವುದಿಲ್ಲ (ತಿರುಗುವ ಬಟ್ಟೆಚಕ್ರಕ್ಕೆ ಹಿಡಿದು ಹೊಳಪು ಕೊಡುವುದಿಲ್ಲ) ತಾನೇ. ಇಬ್ಬರ ಸಹಿಯೂ ಚಾಕುವಿನ ಮೇಲಿರಲಿ. ಕೆತ್ತನೆಗಾರರ ಹೆಸರಿಲ್ಲದ ಚಾಕು ಮುಂದೆ ಮಾರುವಾಗ ಅನಾಥ.

ಪೆನ್ಸಿಲ್ ನಕ್ಷೆಯನ್ನು ಬೋಲ್ಸ್ಟರಿನ ನಿಜ ಅಳತೆಯಲ್ಲೇ ಕೇಳಿ. ಕಾಗದದ ಮೇಲೆ ದೊಡ್ಡದಾಗಿ ಬರೆದ ಆನೆಯ ಹಿಂಡು ಹೆಬ್ಬೆರಳಿನ ಜಾಗಕ್ಕೆ ಇಳಿದಾಗ ಇರುವೆಯ ಸಾಲು.

ಹೆಸರಾಂತ ಕೈಗಳ ಕೆಲಸಕ್ಕೆ ಕಾಯುವುದು ಮಾಮೂಲು. ಹಣ ಇದ್ದರೂ ಸಿಗದಿರಬಹುದು. 1983ರಲ್ಲಿ ಶುರುವಾಗಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಡೆದು ಬಂದ ಆರ್ಟ್ ನೈಫ್ ಇನ್ವಿಟೇಷನಲ್ ಎಂಬ ಚಾಕು ಪ್ರದರ್ಶನ-ಮಾರಾಟದಲ್ಲಿ ಬೆಲೆ ಮೊದಲೇ ನಿಗದಿ, ಕೊಳ್ಳಲು ಬಂದವರ ಹೆಸರು ಚೀಟಿ ಎತ್ತಿ ಯಾರಿಗೆ ಅಂತ ತೀರ್ಮಾನ. ಹರಾಜಿಗಿಂತ ಇದು ನ್ಯಾಯ ಅಂತ ನನಗೆ ಅನ್ನಿಸುತ್ತದೆ. ಹೊಸಬರು ಫೈರ್‌ಆರ್ಮ್ಸ್ ಎನ್‌ಗ್ರೇವರ್ಸ್ ಗಿಲ್ಡ್ ಆಫ್ ಅಮೆರಿಕದಂಥ ಸಂಘಗಳ ಸದಸ್ಯರ ಕೆಲಸ ನೋಡುತ್ತಾ ಹೋದರೆ ಕಣ್ಣು ಪಳಗುತ್ತದೆ. ಅವರಲ್ಲಿ ಚಾಕು ಕೆತ್ತುವವರೂ ಇದ್ದಾರೆ.

ಕೈಗೆ ಬಂದ ಮೇಲೆ ಚರ್ಮದ ಚೀಲದಲ್ಲಿ ಹಾಕಿ ತಿಂಗಳುಗಟ್ಟಲೆ ಇಡಬೇಡಿ. ಚರ್ಮ ಹದ ಮಾಡಿದ ರಾಸಾಯನಿಕ, ಅದು ಹೀರಿಕೊಂಡ ತೇವ ಎರಡೂ ಲೋಹಕ್ಕೆ ಆಗದು. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಮೈಕ್ರೋಕ್ರಿಸ್ಟಲಿನ್ ಮೇಣ ಸವರಿ ಇಡಿ. ಪಿವಟ್‌ಗೆ, ಅಂದರೆ ಅಲಗು ತಿರುಗುವ ಕೀಲಿಗೆ, ಒಂದು ಹನಿ ಎಣ್ಣೆ ಸಾಕು. ಗೆರೆಯಲ್ಲಿ ಕೊಳೆ ಕೂತರೆ ಮೆತ್ತನೆ ಬ್ರಷ್, ಸ್ವಲ್ಪ ಸೋಪಿನ ನೀರು, ತಕ್ಷಣ ಒಣಗಿಸುವುದು. ಹಿನ್ನೆಲೆಯ ಕಪ್ಪು ಮಾಸಿದರೆ ಅದು ಕೆಟ್ಟಿತು ಅಂತಲ್ಲ, ಮತ್ತೆ ತುಂಬಿಸಬಹುದು. ಅದಕ್ಕೆ ಕೆತ್ತಿದವರಿಗೇ ವಾಪಸ್ ಕಳಿಸಿ, ಪಾಲಿಶ್ ಅಂಗಡಿಗೆ ಕೊಡಬೇಡಿ.